ಕ್ಯಾಥೆಟರ್ ತಡೆದು ನಿಂತರೆ ನೂಕಬೇಡಿ

ಬೆನ್ನುಹುರಿಗೆ ಪೆಟ್ಟು ಬಿದ್ದವರು, ಮೂತ್ರಕೋಶದ ನರ ಸೋತವರು, ಕಿರಿದಾದ ಮೂತ್ರನಾಳಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮನೆಯಲ್ಲಿ ತಾವೇ ಕ್ಯಾಥೆಟರ್ ಹಾಕಿಕೊಳ್ಳಬೇಕಾಗುತ್ತದೆ. ಇದಕ್ಕೆ ಆಪರೇಷನ್ ಥಿಯೇಟರಿನ ಏರ್ಪಾಟು ಬೇಡ, ಶುಚಿಯಾದ ಕೈ ಸಾಕು ಎಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಜ್ಯಾಕ್ ಲ್ಯಾಪಿಡೀಸ್ 1972ರಲ್ಲೇ ತೋರಿಸಿಕೊಟ್ಟರು.

ವೈದ್ಯರು ಬರೆದುಕೊಟ್ಟ ಅಳತೆಯದನ್ನೇ ಕೊಳ್ಳಿ. ದೊಡ್ಡವರಿಗೆ ಸಾಮಾನ್ಯವಾಗಿ 12 ಅಥವಾ 14ನೇ ನಂಬರು. ಸೋಪಿನಿಂದ ಕೈ ತೊಳೆದು, ಮೂತ್ರದ್ವಾರವನ್ನೂ ಶುಚಿ ಮಾಡಿ, ಲಿಗ್ನೋಕೇನ್ ಜೆಲ್ಲಿ ಹಾಕಿ ಕೆಲವು ನಿಮಿಷ ಕಾಯಿರಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಬೇಡವೇ ಬೇಡ. ಗಂಡಸರು ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ಹಿಡಿದು ಮೆಲ್ಲಗೆ ಒಳಬಿಡಬೇಕು.

ಬಹಳಷ್ಟು ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಗಂಡಸರ ಮೂತ್ರನಾಳ ಸುಮಾರು 20 ಸೆಂ.ಮೀ. ಉದ್ದ. ಮೂತ್ರಕೋಶ ಇನ್ನೇನು ಸಿಕ್ಕಿತು ಎನ್ನುವಾಗ ಕ್ಯಾಥೆಟರ್ ತಡೆದು ನಿಲ್ಲುತ್ತದೆ. ಅಲ್ಲಿರುವುದು ಮೂತ್ರವನ್ನು ಹಿಡಿದಿಡುವ ಸ್ನಾಯು, ಹೆದರಿದಷ್ಟೂ ಬಿಗಿಯಾಗುತ್ತದೆ. ಆಗ ಕೈ ಅಲ್ಲೇ ನಿಲ್ಲಿಸಿ. ನಿಧಾನವಾಗಿ ಉಸಿರು ಬಿಡಿ, ಒಮ್ಮೆ ಕೆಮ್ಮಿ, ಮೂತ್ರಕ್ಕೆ ಹೋಗುವವರಂತೆ ಪ್ರಯತ್ನಿಸಿ. ಸಡಿಲವಾದ ಕ್ಷಣದಲ್ಲಿ ಮುಂದಕ್ಕೆ ಬಿಡಿ. ಬಲವಂತವಾಗಿ ನೂಕಿದರೆ ತುದಿ ನಾಳದ ಗೋಡೆಯನ್ನು ಸೀಳಿ ಕಳ್ಳದಾರಿ ಮಾಡಿಕೊಳ್ಳುತ್ತದೆ. ಮುಂದಿನ ಸಲವೂ ಕ್ಯಾಥೆಟರ್ ಆ ದಾರಿಯನ್ನೇ ಹಿಡಿಯಬಹುದು. ಗಾಯ ಮಾಗಿದ ಜಾಗ ಗಟ್ಟಿಯಾಗಿ ನಾಳ ಇನ್ನಷ್ಟು ಕಿರಿದಾಗುತ್ತದೆ. ಎರಡು ಸಲಕ್ಕೂ ಹೋಗದಿದ್ದರೆ ಹಟ ಬಿಟ್ಟು ಆಸ್ಪತ್ರೆಗೆ ಹೋಗಿ.

ಕ್ಯಾಥೆಟರ್ ಸಿಗಲಿಲ್ಲವೆಂದು ಬೇರೆ ಟ್ಯೂಬು ಹಾಕಿಕೊಳ್ಳಬೇಡಿ. ಕುತೂಹಲಕ್ಕೋ ಸುಖಕ್ಕೋ ಪೆನ್ನಿನ ರೀಫಿಲ್, ವೈರು ತೂರಿಸಿಕೊಳ್ಳುವವರೂ ಇದ್ದಾರೆ. ಅದು ಒಳಕ್ಕೆ ಜಾರಿದರೆ ಎಳೆಯಲು ಹೋಗಬೇಡಿ. ವೈರು ಮೂತ್ರಕೋಶದೊಳಗೆ ಸುರುಳಿಯಾಗಿ ಗಂಟು ಬೀಳುತ್ತದೆ. ನಾಚಿಕೆಯಿಂದ ದಿನ ದೂಡಿದಷ್ಟೂ ಸೋಂಕು ಬಲಿಯುತ್ತದೆ. ಏನು ಹೋಗಿದೆ, ಯಾವಾಗ ಹೋಯಿತು ಎಂದು ವೈದ್ಯರಿಗೆ ನಿಜ ಹೇಳಿ. ಹೀಗೆ ಬಂದವರನ್ನು ಮೂತ್ರರೋಗ ತಜ್ಞರು ಹಿಂದೆಯೂ ನೋಡಿರುತ್ತಾರೆ; ನಿಮ್ಮನ್ನು ಬೈಯುವುದು ಅವರ ಕೆಲಸವಲ್ಲ.

ಮೂತ್ರ ಪೂರ್ತಿ ಹೋದ ಮೇಲೆ ಕ್ಯಾಥೆಟರನ್ನು ನಿಧಾನವಾಗಿ ತೆಗೆಯಿರಿ. ಹಿಂದಕ್ಕೆ ಸರಿಸಿದ್ದ ಮುಂದೊಗಲನ್ನು ಮತ್ತೆ ಮುಂದಕ್ಕೆ ತನ್ನಿ, ಮರೆತರೆ ಊತ ಬರುತ್ತದೆ. ಮೂತ್ರಕೋಶ ಖಾಲಿ ಮಾಡಲು ಹಾಕಿಕೊಳ್ಳುವವರಿಗೆ ದಿನಕ್ಕೆ ನಾಲ್ಕರಿಂದ ಆರು ಸಲ. ಒಂದು ಸಲಕ್ಕೆ ಬರುವ ಮೂತ್ರ 500 ಮಿ.ಲೀ. ಮೀರಬಾರದು. ನೀರು ಕುಡಿಯುವುದನ್ನು ಬಿಡಬೇಡಿ. ಚಳಿಜ್ವರ, ನಿಲ್ಲದ ರಕ್ತ, ಹೊಟ್ಟೆ ಉಬ್ಬಿಯೂ ಮೂತ್ರ ಬಾರದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.