ಪಾಠ ಹೇಳುವವರು ಬಾರದ ದಿನ

ಬೋರ್ಡೊ ದ್ರಾವಣ ತಯಾರಿಕೆಯ ಶಿಬಿರಕ್ಕೆಂದು ಸದಸ್ಯರಿಗೆಲ್ಲ ಹೇಳಿಕಳಿಸಿ, ಸಂಘದ ಅಂಗಳದಲ್ಲಿ ಚಪ್ಪರವನ್ನೂ ಹಾಕಿಸಿದ್ದಾಗಿತ್ತು. ಬೆಳಿಗ್ಗೆ ೮ ಗಂಟೆಗೆ ಫೋನು ಬಂತು. ಪಾಠ ಹೇಳಬೇಕಾಗಿದ್ದ ತಜ್ಞರಿಗೆ ಜ್ವರವಂತೆ, ಬರಲಾರರಂತೆ. ಶಿಬಿರವಿದ್ದದ್ದು ೧೦ ಗಂಟೆಗೆ. ಮುಂದೂಡೋಣವೆಂದರೆ ಮೇ ತಿಂಗಳ ಕೊನೆಯ ವಾರ. ಮಳೆ ಹಿಡಿಯುವ ಮೊದಲು ಅಡಿಕೆ ಗೊನೆಗೆ ಔಷಧಿ ಬೀಳಲೇಬೇಕು. ಕೊಳೆರೋಗ ನಮ್ಮ ಅನುಕೂಲ ನೋಡಿ ಬರುವುದಿಲ್ಲವಷ್ಟೆ. ಕೊನೆಗೆ ಸಂಘದ ಕೆಲಸ ನೋಡಿಕೊಳ್ಳುವ ನಾವೇ ಎದ್ದು ನಿಲ್ಲಬೇಕಾಯಿತು. ನಮ್ಮ ತೋಟಕ್ಕೆ ವರ್ಷವರ್ಷವೂ ಔಷಧಿ ಹೊಡೆಸುತ್ತೇವೆ, ನಿಜ. ಆದರೆ ಹೊಡೆಸುವುದು ಬೇರೆ, ನಾಲ್ಕು ಜನರೆದುರು ನಿಂತು ಹೇಳುವುದು ಬೇರೆ. ಇಂಥ ಪ್ರಸಂಗ ಬೇರೆ ಊರಿನ ಸಂಘಗಳಿಗೂ ಬರಬಹುದಾದ್ದರಿಂದ ಅಂದು ನಡೆದದ್ದನ್ನು ಬರೆಯುತ್ತಿದ್ದೇವೆ.

ಮೊದಲು ಭಾಷಣ ಬರೆಯಲು ಕುಳಿತೆವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು ೧೯೧೦ರ ಸುಮಾರಿನಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೊ ದ್ರಾವಣವನ್ನು ಸೂಚಿಸಿದ ಕಥೆಯಿಂದ ಆರಂಭಿಸಿ ಒಂದು ಪುಟ ಮುಗಿಸಿದೆವು. ಓದಿ ನೋಡಿದರೆ ನಮಗೇ ಆಕಳಿಕೆ! ಕಾಗದವನ್ನು ಮಡಚಿಟ್ಟು ಸಾಮಾನು ಜೋಡಿಸತೊಡಗಿದೆವು: ಮೈಲುತುತ್ತ ೧ ಕೆ.ಜಿ., ಸುಣ್ಣ ೧ ಕೆ.ಜಿ., ನೀರು ೧೦೦ ಲೀಟರು, ಪ್ಲಾಸ್ಟಿಕ್ ಡ್ರಮ್ಮುಗಳು, ಮರದ ಕೋಲು, ತುಕ್ಕಿಲ್ಲದ ಒಂದು ಕತ್ತಿ. ಕಬ್ಬಿಣದ ಡ್ರಮ್ಮು ಕೂಡದು. ತಾಮ್ರ ಕಬ್ಬಿಣಕ್ಕೆ ಹತ್ತಿ ದ್ರಾವಣದ ಸತ್ವ ಹೋಗುತ್ತದೆ, ಡ್ರಮ್ಮೂ ಕೆಡುತ್ತದೆ.

"ನಿಮ್ಮಲ್ಲಿ ಹೇಗೆ ಬೆರೆಸುತ್ತೀರಿ?" ಎಂದು ಬಂದವರನ್ನೇ ಕೇಳಿದೆವು. ಒಬ್ಬರು ಎರಡನ್ನೂ ಒಂದೇ ಡ್ರಮ್ಮಿಗೆ ಸುರಿಯುವವರು, ಇನ್ನೊಬ್ಬರು ಮೈಲುತುತ್ತದ ನೀರಿಗೆ ಸುಣ್ಣ ಹಾಕುವವರು, ಮತ್ತೊಬ್ಬರದು ಬೊಗಸೆಯ ಲೆಕ್ಕ. ಸರಿ, ಮಾಡಿಯೇ ತೋರಿಸಿದೆವು. ೫೦ ಲೀಟರಿನಲ್ಲಿ ಮೈಲುತುತ್ತ ಕರಗಿಸಿ, ಇನ್ನೊಂದು ೫೦ ಲೀಟರಿನಲ್ಲಿ ಸುಣ್ಣ ಕದಡಿ ಬಟ್ಟೆಯಲ್ಲಿ ಸೋಸಿ, ಸುಣ್ಣದ ಹಾಲಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಹೊಯ್ಯುತ್ತ ಕೋಲಾಡಿಸಿದೆವು. ಒಳ್ಳೆ ಆಕಾಶನೀಲಿ ಬಣ್ಣವೂ ಬಂತು. ಜಂಬದಿಂದ ಕತ್ತಿ ಅದ್ದಿದೆವು. ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಅಲಗು ಕೆಂಪು!

ಅಂಗಳದಲ್ಲಿ ಮಾತಿಲ್ಲ. ಹಿಂದೆ ಕುಳಿತಿದ್ದ ಹಿರಿಯರೊಬ್ಬರು ನಕ್ಕರು. "ಇದು ಹೋದ ವರ್ಷದ ಮೂಟೆಯಲ್ವಾ ಮಾರಾಯ್ರೇ?"

ಹೌದು, ಗೋದಾಮಿನಲ್ಲಿ ಬಾಯಿ ತೆರೆದು ಬಿದ್ದಿದ್ದ ಮೂಟೆ. ಗಾಳಿ ತಾಗಿದ ಸುಣ್ಣ ಸೀಮೆಸುಣ್ಣದ ಹಾಗೆ ನಿಸ್ಸತ್ವವಾಗುತ್ತದೆ. ತಕ್ಕಡಿಯಲ್ಲಿ ೧ ಕೆ.ಜಿ. ತೂಗುತ್ತದೆ, ಆದರೆ ಮೈಲುತುತ್ತವನ್ನು ಹಿಡಿಯುವ ಶಕ್ತಿ ಅದಕ್ಕಿರುವುದಿಲ್ಲ. ಹಾಗೆ ಉಳಿದ ತಾಮ್ರವೇ ಕತ್ತಿಗೆ ಹತ್ತುವುದು, ಎಳೆಗಾಯಿಯನ್ನು ಸುಡುವುದೂ ಅದೇ. ಇಷ್ಟು ಹೇಳುವಷ್ಟರಲ್ಲಿ ಒಬ್ಬ ಸಣ್ಣ ಬೆಳೆಗಾರರು ಎದ್ದು ಮುಂದೆ ಬಂದರು. ಹಿಂದಿನ ವರ್ಷ ಅವರ ಗೊನೆಗಳು ಸುಟ್ಟಿದ್ದವಂತೆ. ಮೈಲುತುತ್ತವೇ ಕಲಬೆರಕೆಯೆಂದು ಅಂಗಡಿಯವನನ್ನು ಬೈದು, ಹೆದರಿ ಎರಡನೆಯ ಸಲ ಔಷಧಿ ಹೊಡೆಸದೆ ಬಿಟ್ಟು, ಅರ್ಧ ಫಸಲನ್ನು ಕೊಳೆಗೆ ಕಳೆದುಕೊಂಡಿದ್ದರು. ಅವರ ಮನೆಯ ಸುಣ್ಣವೂ ಹಳೆಯದೇ. ಕತ್ತಿಯನ್ನು ಅವರ ಕೈಗೇ ಕೊಟ್ಟೆವು. ಪೇಟೆಯಿಂದ ಹೊಸ ಚಿಪ್ಪಿನ ಸುಣ್ಣ ತರಿಸಿ, ಅರಳಿಸಿ, ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋದೆವು. ಪ್ರತಿ ಸಲವೂ ಅವರು ಕತ್ತಿಯನ್ನು ತಿಕ್ಕಿ ಅದ್ದಿದರು. ಮೂರನೆಯ ಸಲಕ್ಕೆ ಅಲಗು ಬೆಳ್ಳಗೇ ಉಳಿಯಿತು. ತಜ್ಞರು ಬಂದಿದ್ದರೆ ಒಳ್ಳೆಯ ಸುಣ್ಣವನ್ನೇ ತರುತ್ತಿದ್ದರು, ಈ ಪಾಠ ಆಗುತ್ತಿರಲಿಲ್ಲ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಕಾಫಿಗೂ ಇದೇ ಆದೀತೇ ಎಂದರು. ಎಲೆ ತುಕ್ಕು ರೋಗಕ್ಕೆ ೧೦೦ ಲೀಟರಿಗೆ ಎರಡೂ ಅರ್ಧರ್ಧ ಕೆ.ಜಿ. ಸಾಕು; ಎಲೆಯ ಅಡಿಭಾಗ ನೆನೆಯಬೇಕು, ರೋಗ ಒಳಹೋಗುವುದು ಅಲ್ಲಿಂದಲೇ. ಮಳೆ ಬಂದು ಕೆಲಸ ನಿಂತರೆ ಏನು ಮಾಡುವುದೆಂಬ ಪ್ರಶ್ನೆಗೆ ಊಹೆಯ ಉತ್ತರ ಕೊಡದೆ ಬರೆದುಕೊಂಡು, ಸಂಜೆ ತಜ್ಞರಿಗೇ ಫೋನು ಮಾಡಿ ಎಲ್ಲರಿಗೂ ತಿಳಿಸಿದೆವು: ಬೆರೆಸಿದ್ದು ಅಂದೇ ಮುಗಿಯಬೇಕು, ಬೆರೆಸದೆ ಬೇರೆಬೇರೆ ಮುಚ್ಚಿಟ್ಟದ್ದು ಮರುದಿನಕ್ಕೂ ಬರುತ್ತದೆ.

ಎರಡನೆಯ ಸಿಂಪರಣೆ ೪೦-೪೫ ದಿನಕ್ಕೆ. ಆ ಹೊತ್ತಿಗೆ ಅದೇ ಬೆಳೆಗಾರರು ತಮ್ಮ ತೋಟಕ್ಕೆ ಕರೆಕಳಿಸಿದರು. ಹೋದಾಗ ಡ್ರಮ್ಮಿನ ಪಕ್ಕದಲ್ಲಿ ಹೊಸ ಸುಣ್ಣದ ಮೂಟೆ ಬಾಯಿ ಕಟ್ಟಿ ಇಟ್ಟಿತ್ತು, ಕತ್ತಿ ಆಗಲೇ ದ್ರಾವಣದಲ್ಲಿತ್ತು.