ಧರ್ಮತಲದ ಮಸೀದಿಯೂ ವೆಲ್ಲೂರಿನ ದಂಗೆಯೂ

ನಾನು ಕಾಮರ್ಸ್ ಓದುವವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇತಿಹಾಸ ನನ್ನ ವಿಷಯವಲ್ಲ. ಆದರೂ ರಜೆಯಲ್ಲಿ ಕಲ್ಕತ್ತೆಯ ಎಸ್ಪ್ಲನೇಡಿನಲ್ಲಿ ಕಂಡದ್ದನ್ನು ನಿಮಗೆ ಹೇಳಬೇಕು ಅನ್ನಿಸಿತು.

ಧರ್ಮತಲದ ಗದ್ದಲದ ಮೂಲೆಯಲ್ಲಿ ಹಲವು ಗುಮ್ಮಟಗಳ ಒಂದು ಮಸೀದಿ. ಹೆಸರು ಕೇಳಿದರೆ ‘ಟಿಪ್ಪು ಸುಲ್ತಾನ್ ಮಸೀದಿ’ ಅಂದರು. ನಮ್ಮ ಟಿಪ್ಪು ಇಲ್ಲಿಗೆ ಯಾವಾಗ ಬಂದ? ಬರಲಿಲ್ಲ. ಅವನು 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲೇ ಮಡಿದ. ಬಂದವರು ಅವನ ಮಕ್ಕಳು. ಅದಕ್ಕೆ ಕಾರಣ ಒಂದು ದಂಗೆ.

ಕಂಪನಿ ಸರ್ಕಾರ ಆ ಮಕ್ಕಳನ್ನು ವೆಲ್ಲೂರು ಕೋಟೆಯಲ್ಲಿ ಇಟ್ಟಿತ್ತು. 1805ರಲ್ಲಿ ಸಿಪಾಯಿಗಳಿಗೆ ಹೊಸ ಅಪ್ಪಣೆ ಬಂತು: ಹಣೆಯಲ್ಲಿ ಜಾತಿಚಿಹ್ನೆ ಕೂಡದು, ಗಡ್ಡ ಕತ್ತರಿಸಬೇಕು, ಚರ್ಮದ ಕುಚ್ಚಿನ ಹೊಸ ಪೇಟ ತೊಡಬೇಕು. 1806ರ ಜುಲೈ 10ರ ನಸುಕಿನಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಟಿಪ್ಪುವಿನ ಮಗ ಫತೇ ಹೈದರನನ್ನು ಅರಸನೆಂದು ಸಾರಿ, ಮೈಸೂರಿನ ಬಾವುಟ ಏರಿಸಿದರು. ಆದರೆ ಕೋಟೆ ಬಾಗಿಲು ಭದ್ರಮಾಡೋದು ಬಿಟ್ಟು ಹಲವರು ಲೂಟಿಗಿಳಿದರು. ಆರ್ಕಾಟಿನಿಂದ ಗಿಲೆಸ್ಪಿ ಕುದುರೆ ಪಡೆಯೊಡನೆ ಬಂದ. ಅದೇ ದಿನ ಎಲ್ಲಾ ಮುಗಿಯಿತು. ಸುಮಾರು ನೂರು ಸಿಪಾಯಿಗಳನ್ನು ವಿಚಾರಣೆಯೇ ಇಲ್ಲದೆ ಗುಂಡಿಟ್ಟು ಕೊಂದರು. ಟಿಪ್ಪು ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು.

ಇದು ಪೇಟದ ಜಗಳವೋ, ಸ್ವಾತಂತ್ರ್ಯದ ದಂಗೆಯೋ? ಬರೀ ಪೇಟ ಬೇಡ ಅನ್ನುವವನು ಬೇರೆ ಅರಸನ ಬಾವುಟ ಏರಿಸೋದಿಲ್ಲ. ಹೊರಗಿನ ಉದಾಹರಣೆ ನೋಡಿ: ಸ್ವೀಡನ್, ಡೆನ್ಮಾರ್ಕ್, ನಾರ್ವೆ 1397ರಲ್ಲಿ ಒಂದೇ ಕಿರೀಟದ ಕೆಳಗೆ ಸೇರಿದ್ದವು. 1434ರಲ್ಲಿ ಎಂಗೆಲ್ಬ್ರೆಕ್ಟ್ ಎಂಬಾತ ಸ್ವೀಡನ್ನಿನಲ್ಲಿ ದಂಗೆ ಎಬ್ಬಿಸಿದ್ದೂ ತೆರಿಗೆ, ಅಧಿಕಾರಿಗಳ ಕಾಟ ತಾಳಲಾರದೆ. ಆ ದೇಶ ಬೇರೆಯಾದದ್ದು 1523ರಲ್ಲಿ. ಅಲ್ಲಿಗೆ 89 ವರ್ಷ. ವೆಲ್ಲೂರಿನಿಂದ ನಮಗೆ 141.

ಈ ಮಸೀದಿ ಕಟ್ಟಿಸಿದವನು ಟಿಪ್ಪುವಿನ ಕಿರಿಮಗ ಗುಲಾಮ್ ಮೊಹಮ್ಮದ್, 1842ರಲ್ಲಿ. ಕಲ್ಲಿನ ಬರಹದ ಸಾರ ಇಷ್ಟು: ದೇವರಿಗೆ ಕೃತಜ್ಞತೆಯಾಗಿ, ಮತ್ತು 1840ರಲ್ಲಿ ಕಂಪನಿ ತನ್ನ ವರ್ಷಾಶನದ ಹಿಂಬಾಕಿ ಕೊಟ್ಟದ್ದರ ನೆನಪಿಗಾಗಿ. ಓದಿ ಸಿಟ್ಟು ಬಂತು. ಅಪ್ಪನನ್ನು ಕೊಂದವರಿಗೆ ಈ ಗೌರವವೇ?

ಆಮೇಲೆ ನಮ್ಮ ಮನೆ ನೆನಪಾಯಿತು. ಅಪ್ಪನಿಗೆ ಎರಡು ವರ್ಷದ ಸಂಬಳದ ಬಾಕಿ ಬಂದ ದಿನ ಅಮ್ಮ ತುಪ್ಪದ ದೀಪ ಹಚ್ಚಿ, ಸತಾಯಿಸಿದ ಆ ಆಫೀಸನ್ನೇ ಹರಸಿದ್ದಳು. ನಮ್ಮ ದುಡ್ಡನ್ನು ಹಿಡಿದಿಟ್ಟವನೇ ಕೊಡುವ ದಿನ ದಾನಿಯಾಗಿ ಕಾಣುತ್ತಾನೆ. ಪರಾಧೀನತೆ ಅಂದರೆ ಇದೇ ಅಂತ ಆ ಕಲ್ಲಿನ ಮುಂದೆ ನನಗೆ ಗೊತ್ತಾಯಿತು.

ಮೊದಲ ದಂಗೆ ಯಾವುದು ಅಂತ ಕೇಳಿದರೆ ನಾವೆಲ್ಲ 1857 ಅಂತ ಬರೆಯುತ್ತೇವೆ. ಬರೆಯುವ ಮೊದಲು ಅದಕ್ಕೂ 51 ವರ್ಷ ಹಿಂದಿನ ಆ ಬೆಳಗನ್ನು ಒಮ್ಮೆ ನೆನೆಯಿರಿ.