ಮಟ್ಟಿಯ ಕಾಲು, ರಿಂಗಿನ ಕೈ

ಪ್ರಶ್ನೆ: ಸರ್, ನನಗೆ 19 ವರ್ಷ, ಊರು ಮೈಸೂರು. ಆರು ವರ್ಷದಿಂದ ಗರಡಿಯಲ್ಲಿ ಸಾಮು ಮಾಡುತ್ತಿದ್ದೇನೆ, ದಸರಾದಲ್ಲೂ ಕುಸ್ತಿ ಆಡಿದ್ದೇನೆ. ಹೋದ ವರ್ಷ ಕಾಲೇಜಿನಲ್ಲಿ ಬಾಕ್ಸಿಂಗಿಗೆ ಸೇರಿದೆ. ರಿಂಗಿನಲ್ಲಿ ಎದುರಾಳಿ ಹತ್ತಿರ ಬಂದರೆ ಸಾಕು, ನನ್ನ ಕೈ ತಾನಾಗಿ ಅವನ ಕತ್ತಿಗೆ ಹೋಗುತ್ತದೆ. ಮೊನ್ನೆ ಅದಕ್ಕೇ ಅಂಕ ಕಳೆದುಕೊಂಡು ಸೋತೆ. ‘ಗರಡಿ ಮರೆತು ಬಾ’ ಅನ್ನುತ್ತಾರೆ ಕೋಚ್. ಉಸ್ತಾದರಿಗೆ ಬಾಕ್ಸಿಂಗ್ ವಿಷಯ ಇನ್ನೂ ಹೇಳಿಲ್ಲ. ಯಾವುದನ್ನು ಬಿಡಲಿ?

ಉತ್ತರ: ತಮ್ಮಾ, ಸದ್ಯಕ್ಕೆ ಯಾವುದನ್ನೂ ಬಿಡಬೇಡ. ಆರು ವರ್ಷ ಕತ್ತು ಹಿಡಿಯುವುದನ್ನೇ ಕಲಿತ ಕೈ ಒಂದು ವರ್ಷದಲ್ಲಿ ಮರೆತುಬಿಡುತ್ತದೆಯೇ? ನಿನ್ನ ಕೋಚ್ ಹೇಳಿದ್ದರಲ್ಲಿ ಅರ್ಧ ಸರಿ. ಮರೆಯಬೇಕಾದದ್ದು ಪಟ್ಟುಗಳನ್ನು, ಅದೂ ರಿಂಗಿನ ಹಗ್ಗದೊಳಗೆ ಇರುವಷ್ಟು ಹೊತ್ತು. ಗರಡಿ ಕೊಟ್ಟ ಮೈಯನ್ನು ಮರೆತರೆ ನಷ್ಟ ನಿನಗೇ.

ಧೋಬಿ ಪಟ್ಟು ಹಾಕುವಾಗ ನಿನ್ನ ಸೊಂಟ ಏನು ಮಾಡುತ್ತದೆ, ನೆನಪಿಸಿಕೊ. ಎದುರಾಳಿಯ ತೋಳು ಹಿಡಿದು, ಪಾದ ತಿರುಗಿಸಿ, ಸೊಂಟವನ್ನು ಅವನ ಕೆಳಗೆ ನುಗ್ಗಿಸಿ ಎತ್ತಿ ಹಾಕುತ್ತೀಯ. ಬಲ ಬರುವುದು ನೆಲದಿಂದ. ತೋಳು ಅದನ್ನು ದಾಟಿಸುತ್ತದೆ ಅಷ್ಟೆ. ಹಿಂದಿನ ಕೈಯಿಂದ ಹೊಡೆಯುವ ಕ್ರಾಸ್‌ನಲ್ಲೂ ಹೀಗೆಯೇ: ಹಿಮ್ಮಡಿ ಏಳಬೇಕು, ಸೊಂಟ ತಿರುಗಬೇಕು, ಮುಷ್ಟಿ ಕಡೆಗೆ ಹೋಗಬೇಕು. ಬರೀ ತೋಳಿನಿಂದ ಹೊಡೆಯುವ ಹೊಸಬರಿಗೆ ಇದನ್ನು ತಿಳಿಸಲು ತಿಂಗಳುಗಳು ಹಿಡಿಯುತ್ತವೆ. ನಿನ್ನ ಸೊಂಟಕ್ಕೆ ಆಗಲೇ ಗೊತ್ತು. ದಂಡ, ಬಸ್ಕಿ, ಗದೆಯಿಂದ ಕಾಲು ಭುಜ ಗಟ್ಟಿಯಾಗಿವೆ. ಕುಸ್ತಿಪಟುವಿನ ಕತ್ತೂ ದೊಡ್ಡ ಆಸ್ತಿ. ಮೈಮೇಲೆ ಬೀಳುವವನನ್ನು ಕಂಡು ನೀನು ಬೆದರುವುದಿಲ್ಲ, ಅದೂ ಸಣ್ಣ ಮಾತಲ್ಲ.

ಇನ್ನು ದಾರಿಗೆ ಅಡ್ಡ ಬರುವುದು. ಮಟ್ಟಿಯಲ್ಲಿ ತಲೆ ಮುಂದೆ ಚಾಚಿ, ಬಗ್ಗಿ, ಅಂಗೈ ತೆರೆದು ನಿಲ್ಲುತ್ತೀಯ. ರಿಂಗಿನಲ್ಲಿ ಹಾಗೆ ಚಾಚಿದ ತಲೆ ಅಪ್ಪರ್‌ಕಟ್‌ಗೆ ಆಹ್ವಾನ. ಸೊಂಟದ ಪಟ್ಟಿಗಿಂತ ಕೆಳಗೆ ಅಪಾಯವಾಗುವಂತೆ ತಲೆ ಬಗ್ಗಿಸಿದರೆ ಅದು ಫೌಲ್. ಹಿಡಿಯುವುದು, ತಳ್ಳುವುದೂ ಫೌಲ್. ಕುಸ್ತಿಯಲ್ಲಿ ಬಲಗಾಲು ಮುಂದಿಟ್ಟು ನಿಲ್ಲುವವನು ನೀನಾದರೆ ಕೋಚ್‌ಗೆ ಅದನ್ನು ಹೇಳು. ಎಡಗೈಯವರಂತೆ ಸೌತ್‌ಪಾ ನಿಲುವಿನಲ್ಲೇ ಆಡಿಸಿ ನೋಡಲಿ. ಬಲಗಾಲು ಮುಂದಿಟ್ಟು ಪಳಗಿದವನನ್ನು ತಿರುಗಿಸಿ ನಿಲ್ಲಿಸಲೇಬೇಕೆಂದೇನಿಲ್ಲ.

ಕತ್ತಿಗೆ ಹೋಗುವ ಕೈಗೆ ಬೇರೆ ಕೆಲಸ ಕೊಡಬೇಕು. ‘ಹಿಡಿಯಬೇಡ’ ಅಂದುಕೊಂಡರೆ ಕೈ ಕೇಳುವುದಿಲ್ಲ. ನೆರಳಿನ ಜೊತೆ ಗುದ್ದಾಡುವಾಗ ಎರಡೂ ಮುಷ್ಟಿಯೊಳಗೆ ಬಟ್ಟೆಯ ಸಣ್ಣ ಸುರುಳಿ ಹಿಡಿದುಕೊ. ಅದು ಬಿದ್ದರೆ ಅಂಗೈ ತೆರೆಯಿತು ಎಂದು ಅರ್ಥ. ಆಮೇಲೆ ಗೆಳೆಯನೊಬ್ಬನನ್ನು ಅರ್ಧ ಬಲದಲ್ಲಿ ನಿನ್ನ ಮೇಲೆ ನುಗ್ಗಲು ಹೇಳು. ಅವನು ಒಳಗೆ ಬಂದ ಕೂಡಲೇ ಮೊಣಕೈ ಎರಡೂ ಪಕ್ಕೆಗೆ ಅಂಟಲಿ, ಗಲ್ಲ ಒಳಗಿರಲಿ. ಹೊಟ್ಟೆಗೆ ಎರಡು ಗಿಡ್ಡ ಹೊಡೆತ, ತಕ್ಷಣ ಪಕ್ಕಕ್ಕೆ ಒಂದು ಹೆಜ್ಜೆ. ದಿನಕ್ಕೆ ಮೂರು ಸುತ್ತು ಇದನ್ನೇ ಮಾಡು. ಒಂದೆರಡು ತಿಂಗಳು ಬೇರೆ ಪಂದ್ಯ ಬೇಡ.

ಅಸ್ಸಾಮಿನ ಲವ್ಲೀನಾ ಬೊರ್ಗೊಹೈನ್ ಬಾಕ್ಸಿಂಗಿಗೆ ಬಂದದ್ದು ಮುವಾಯ್ ಥಾಯ್‌ನಿಂದ. ಅಲ್ಲಿ ಒದೆಯಬಹುದು, ಮೊಣಕಾಲಿನಿಂದ ಹೊಡೆಯಬಹುದು, ನಿನ್ನಂತೆಯೇ ಎದುರಾಳಿಯ ಕತ್ತು ಹಿಡಿಯಬಹುದು. ಅದನ್ನೆಲ್ಲ ಹಗ್ಗದಾಚೆ ಬಿಟ್ಟು ಬಂದ ಆಕೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 69 ಕೆ.ಜಿ. ವಿಭಾಗದ ಕಂಚು ಗೆದ್ದಳು. 2023ರಲ್ಲಿ 75 ಕೆ.ಜಿ.ಯಲ್ಲಿ ವಿಶ್ವ ಚಾಂಪಿಯನ್ ಆದಳು.

ಗುದ್ದು ಮತ್ತು ಪಟ್ಟು ನಿನ್ನ ಊರಿಗೆ ಹೊಸ ಜೋಡಿಯೂ ಅಲ್ಲ. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿದ್ದೀಯಲ್ಲ? ಬೋಳಿಸಿದ ತಲೆ, ಬೆರಳಿಗೆ ಬಿಗಿದ ವಜ್ರಮುಷ್ಟಿ. ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಕುಸ್ತಿಯ ಪಳಗುವಿಕೆಯೂ ಗುದ್ದೂ ಅಲ್ಲಿ ಒಂದೇ ಮೈಯಲ್ಲಿವೆ. ಆದರೆ ಯಾವಾಗ ನಿಲ್ಲಿಸಬೇಕೆಂಬ ಕಟ್ಟು ಎಷ್ಟು ಬಿಗಿಯಾಗಿದೆ ನೋಡು. ನೀನೂ ಗೆಳೆಯರೂ ಸೇರಿ ಗ್ಲೌಸ್ ಇಲ್ಲದೆ ಮಟ್ಟಿಯಲ್ಲಿ ಗುದ್ದಾಡಿ ನೋಡುವ ಯೋಚನೆಯಿದ್ದರೆ ಈಗಲೇ ಬಿಡು. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ತಲೆಯ ವಿಷಯದಲ್ಲಿ ಹುಡುಗರು ಸುಳ್ಳು ಹೇಳುತ್ತಾರೆ, ಅದೇ ನನ್ನ ಭಯ. ಪೆಟ್ಟು ಬಿದ್ದ ಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಕಂಡರೆ ಅವತ್ತೇ ಆಟ ನಿಲ್ಲಿಸಿ ವೈದ್ಯರ ಹತ್ತಿರ ಹೋಗು. ಅವರು ಸರಿ ಅನ್ನುವವರೆಗೆ ರಿಂಗೂ ಬೇಡ, ಮಟ್ಟಿಯೂ ಬೇಡ. ಸ್ಪಾರಿಂಗ್ ಇರುವ ದಿನ ಜೋರು ಕುಸ್ತಿ ಇಟ್ಟುಕೊಳ್ಳಬೇಡ. ದಣಿದ ಕೈ ಕೆಳಗಿಳಿಯುತ್ತದೆ, ಗಲ್ಲ ತೆರೆದುಕೊಳ್ಳುತ್ತದೆ. ಬಾದಾಮಿ, ತುಪ್ಪ, ಹಾಲಿನ ಲೆಕ್ಕವನ್ನು ಕೋಚ್ ಎದುರಿಗೂ ಇಡು. ತೂಕ ಇಳಿಸಲು ನೀರು ಬಿಡುವ ಕೆಲಸ ಮಾತ್ರ ಮಾಡಬೇಡ.

ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಉಸ್ತಾದರ ಕುರಿತ ಆ ಒಂದೇ ಸಾಲು. ನಿನ್ನ ಸೋಲಿನ ಸುದ್ದಿ ಬೇರೆಯವರ ಬಾಯಿಂದ ಅವರ ಕಿವಿಗೆ ಬಿದ್ದರೆ, ಬಾಕ್ಸಿಂಗಿಗಿಂತ ನೀನು ಮುಚ್ಚಿಟ್ಟದ್ದೇ ಅವರಿಗೆ ಹೆಚ್ಚು ನೋವು ಕೊಡುತ್ತದೆ. ಈ ಶನಿವಾರ ಹನುಮಂತನ ಪೂಜೆ ಮುಗಿದ ಮೇಲೆ, ಎಲ್ಲರೂ ಹೋಗುವವರೆಗೆ ಕಾದಿರು. ಕಾಲು ಮುಟ್ಟಿ ನಮಸ್ಕರಿಸಿ ನಡೆದದ್ದನ್ನು ಹೇಳು, ಸೋತದ್ದನ್ನೂ ಸೇರಿಸಿ. ಬೈಯಬಹುದು, ಬೈಸಿಕೊ. ಆಮೇಲೆ, ಗುದ್ದು ತಡೆಯಲು ಕತ್ತಿಗೆ ಇನ್ನೂ ಯಾವ ಸಾಮು ಮಾಡಬೇಕು ಎಂದು ಅವರನ್ನೇ ಕೇಳು.